ಪಟ್ಟಿ ಒಂದೇ ಇರಲಿ: ಟೈಪ್‌ಸ್ಕ್ರಿಪ್ಟ್ ಅರೇಗಳ ಬಗ್ಗೆ ಒಂದು ವಿಮರ್ಶೆ

ಸಂಚಿಕೆಯಲ್ಲಿ ಮಾತಾಡಿದ ವಿಷಯವನ್ನೇ ಇಲ್ಲಿ ಸ್ವಲ್ಪ ನಿಧಾನವಾಗಿ, ಉದಾಹರಣೆ ಸಮೇತ ಬರೆದಿದ್ದೀನಿ. ಕೋಡ್ ಕಿವಿಗಿಂತ ಕಣ್ಣಿಗೆ ಸುಲಭ. ಒಂದು ಸೂಚನೆ: ಕೀವರ್ಡ್‌ಗಳನ್ನ ಉಚ್ಚಾರಣೆ ಇದ್ದ ಹಾಗೆ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೀನಿ. ಎಡಿಟರ್‌ನಲ್ಲಿ ಅವನ್ನ ಇಂಗ್ಲಿಷ್‌ನಲ್ಲೇ ಹೊಡೀಬೇಕು. ಆದರೆ ವೇರಿಯಬಲ್ ಹೆಸರುಗಳನ್ನ ನಿಜವಾಗಲೂ ಕನ್ನಡದಲ್ಲಿ ಇಡಬಹುದು, ಜಾವಾಸ್ಕ್ರಿಪ್ಟ್ ಒಪ್ಪುತ್ತೆ.

ಇದನ್ನ ಪಾಠ ಅಂತ ಓದಬೇಡಿ. ಒಂದು ಕಾದಂಬರಿಯನ್ನೋ ನಾಟಕವನ್ನೋ ಹೇಗೆ ನೋಡ್ತೀವೋ ಹಾಗೇ ಒಂದು ಪ್ರೋಗ್ರಾಮಿಂಗ್ ಭಾಷೆಯ ಒಂದು ಮೂಲೆಯನ್ನ ನೋಡಿ, ಯಾವುದು ಗೆದ್ದಿದೆ, ಯಾವುದು ಸೋತಿದೆ ಅಂತ ಹೇಳೋಣ. ಆ ಮೂಲೆ ಅರೇ, ಅಂದರೆ ಪಟ್ಟಿ. ಪ್ರಶ್ನೆ ಇಷ್ಟೇ: ನಾನು ಕೈಯಾರೆ ಬರೆದ ಪಟ್ಟಿಯಲ್ಲಿ ಏನಿದೆ ಅಂತ ಕಂಪೈಲರ್‌ಗೆ ಎಷ್ಟು ನಿಖರವಾಗಿ ಗೊತ್ತಿರುತ್ತೆ? ನಿಖರ ಅಂದರೆ ಕರಾರುವಾಕ್ಕು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ.

ಇದು ಬರೀ ಪಂಡಿತರ ಚರ್ಚೆ ಅನ್ನಿಸಬಹುದು. ಅದಕ್ಕೇ ನಮಗೆಲ್ಲ ಗೊತ್ತಿರೋ ಒಂದು ಸಂದರ್ಭ ತಗೊಳ್ಳೋಣ. ಒಂದು ಕನ್ನಡ ಕೂಟ, ಯುಗಾದಿ ಊಟ, ಹೆಸರು ನೋಂದಾಯಿಸೋಕೆ ಒಂದು ವೆಬ್ ಫಾರ್ಮ್. ಊಟದಲ್ಲಿ ಮೂರು ಆಯ್ಕೆ: ಸಾದಾ, ಈರುಳ್ಳಿ-ಬೆಳ್ಳುಳ್ಳಿ ಇಲ್ಲದ್ದು, ಕಡಲೆಕಾಯಿ ಇಲ್ಲದ್ದು. ಚಿತ್ರಾನ್ನದ ಒಗ್ಗರಣೆಗೆ ಕಡಲೆಕಾಯಿ ಬೀಳೋದು ನಮಗೆ ಎಷ್ಟು ಸಹಜ ಅಂದ್ರೆ, ಯಾರೂ ಹೇಳದೆ ಇದ್ದರೆ ಅದು ಬಿದ್ದೇ ಬೀಳುತ್ತೆ. ಅಲರ್ಜಿ ಇರೋ ಒಂದು ಮಗುವಿನ ಹೆಸರಿನ ಮುಂದೆ ಅಡುಗೆಯವರ ಚೀಟಿಯಲ್ಲಿ ಖಾಲಿ ಜಾಗ ಪ್ರಿಂಟ್ ಆದರೆ, ಅದು ಟೈಪ್ ಸಿಸ್ಟಮ್‌ನ ತಾತ್ವಿಕ ಸಮಸ್ಯೆಯಾಗಿ ಉಳಿಯೋದಿಲ್ಲ.

ಮರೆಯುವ ಪಟ್ಟಿ

ಮೊದಲು ಭಾಷೆಯ ಸಹಜ ಸ್ವಭಾವ ನೋಡೋಣ.

ಕಾನ್ಸ್ಟ್ ಊಟಗಳು = ["ಸಾದಾ", "ಈರುಳ್ಳಿ-ಬೆಳ್ಳುಳ್ಳಿ ಇಲ್ಲದ್ದು", "ಕಡಲೆಕಾಯಿ ಇಲ್ಲದ್ದು"];

ಇದರ ಟೈಪ್ ಏನು ಅಂತ ಕೇಳಿದರೆ ಕಂಪೈಲರ್ ಹೇಳೋದು: ಸ್ಟ್ರಿಂಗ್‌ಗಳ ಅರೇ. ಅಷ್ಟೇ. ಮೂರು ಪದಗಳನ್ನ ಕಣ್ಣೆದುರೇ ಬರೆದಿದ್ದೀವಿ, ಆದರೆ ಅದು "ಇಲ್ಲಿ ಯಾವುದೋ ಕೆಲವು ಪದಗಳಿವೆ, ಎಷ್ಟು ಅಂತ ಗೊತ್ತಿಲ್ಲ, ಯಾವುವು ಅಂತಲೂ ಗೊತ್ತಿಲ್ಲ" ಅನ್ನುತ್ತೆ.

ಇದನ್ನ ದಡ್ಡತನ ಅಂತ ಬೈಯೋದು ಸುಲಭ, ಆದರೆ ಅದು ನ್ಯಾಯ ಆಗೋಲ್ಲ. ಜಾವಾಸ್ಕ್ರಿಪ್ಟ್‌ನ ಅರೇ ಬದಲಾಗುವ ವಸ್ತು. ಮುಂದಿನ ಸಾಲಿನಲ್ಲೇ ಯಾರಾದರೂ ಪುಶ್ ಮಾಡಿ ನಾಲ್ಕನೇ ಪದ ಸೇರಿಸಬಹುದು. ಇಲ್ಲಿ ಕಾನ್ಸ್ಟ್ ಅನ್ನೋದು ಹೆಸರಿಗೆ ಮಾತ್ರ ಹಾಕಿದ ಬೀಗ: ಊಟಗಳು ಅನ್ನೋ ಹೆಸರು ಬೇರೆ ಅರೇಯನ್ನ ತೋರಿಸೋಕೆ ಆಗೋಲ್ಲ, ಒಳಗಿನ ಸಾಮಾನು ಮಾತ್ರ ಬದಲಾಗಬಹುದು. ಮನೆಗೆ ಹಾಕಿದ ಬೋರ್ಡು ಕೀಳೋಕಾಗಲ್ಲ, ಒಳಗಿನ ಕುರ್ಚಿ ಮೇಜು ಯಾರು ಬೇಕಾದರೂ ಜರುಗಿಸಬಹುದು. ಹಾಗಾಗಿ ಸಡಿಲವಾದ ಟೈಪ್ ಕೊಡೋದು ವಿವೇಕದ ನಿರ್ಧಾರವೇ.

ತೊಂದರೆ ಶುರುವಾಗೋದು ನಮಗೆ ನಿಖರತೆ ಬೇಕಾದಾಗ. ಹಳೇ ಪದ್ಧತಿ ಏನಪ್ಪಾ ಅಂದ್ರೆ ಎರಡು ಸಲ ಬರೆಯೋದು. ಸ್ಟ್ರಿಂಗ್ ಲಿಟರಲ್ ಟೈಪ್‌ಗಳನ್ನ ಬಳಸಿ ಊಟ ಅನ್ನೋ ಯೂನಿಯನ್ ಟೈಪ್ ಒಂದು ಕಡೆ, ಫಾರ್ಮ್‌ನಲ್ಲಿ ತೋರಿಸೋಕೆ ಅರೇ ಇನ್ನೊಂದು ಕಡೆ. ಅರೇಯಲ್ಲಿ ಇಲ್ಲದ ಪದ ಬರೆದರೆ ಕಂಪೈಲರ್ ತಡೆಯುತ್ತೆ, ಸರಿ. ಆದರೆ "ಹಾಲು-ತುಪ್ಪ ಇಲ್ಲದ್ದು" ಅಂತ ಹೊಸ ಆಯ್ಕೆಯನ್ನ ಟೈಪ್‌ಗೆ ಮಾತ್ರ ಸೇರಿಸಿ ಅರೇಗೆ ಸೇರಿಸೋದು ಮರೆತರೆ? ಒಂದು ಸದ್ದೂ ಇಲ್ಲ. ಫಾರ್ಮ್‌ನಲ್ಲಿ ಆ ಆಯ್ಕೆ ಕಾಣೋದೇ ಇಲ್ಲ. ಎರಡು ಪಟ್ಟಿ ಇಟ್ಟುಕೊಂಡ ಮನೆಯಲ್ಲಿ ಒಂದಲ್ಲ ಒಂದು ದಿನ ಒಂದು ಹಳೇದಾಗಿಯೇ ಆಗುತ್ತೆ. ದಿನಸಿ ಚೀಟಿ ಬರೆದವರಿಗೆಲ್ಲ ಇದು ಗೊತ್ತು.

2019ರ ರಿಪೇರಿ

2019ರ ಮಾರ್ಚ್‌ನಲ್ಲಿ ಬಂದ ಟೈಪ್‌ಸ್ಕ್ರಿಪ್ಟ್ 3.4ರಲ್ಲಿ ಎರಡು ಪದಗಳ ಒಂದು ಬಾಲ ಸಿಕ್ಕಿತು: ಆಸ್ ಕಾನ್ಸ್ಟ್.

ಕಾನ್ಸ್ಟ್ ಊಟಗಳು = ["ಸಾದಾ", "ಈರುಳ್ಳಿ-ಬೆಳ್ಳುಳ್ಳಿ ಇಲ್ಲದ್ದು", "ಕಡಲೆಕಾಯಿ ಇಲ್ಲದ್ದು"] ಆಸ್ ಕಾನ್ಸ್ಟ್;

ಟೈಪ್ ಊಟ = (ಟೈಪ್‌ಆಫ್ ಊಟಗಳು)[ನಂಬರ್];

ಮೊದಲ ಸಾಲು ಮೂರು ಕೆಲಸ ಮಾಡುತ್ತೆ. ಪ್ರತಿ ಪದವನ್ನೂ ಬರೀ ಸ್ಟ್ರಿಂಗ್ ಅನ್ನದೆ ಆ ಪದವಾಗಿಯೇ ನೆನಪಿಡುತ್ತೆ. ಅರೇಯನ್ನ ಟ್ಯೂಪಲ್ ಮಾಡುತ್ತೆ, ಅಂದರೆ ಎಷ್ಟು ಅಂಶ, ಯಾವ ಕ್ರಮದಲ್ಲಿ ಅಂತ ಗೊತ್ತಿರೋ ಪಟ್ಟಿ. ಜೊತೆಗೆ ಅದನ್ನ ರೀಡ್‌ಓನ್ಲಿ ಮಾಡಿ, ಪುಶ್‌ನಂಥ ಬದಲಾವಣೆಯ ಮೆಥಡ್‌ಗಳನ್ನ ಕಿತ್ತುಕೊಳ್ಳುತ್ತೆ. ಎರಡನೇ ಸಾಲು ಹೇಳೋದು: ಈ ಪಟ್ಟಿಯನ್ನ ಯಾವುದೋ ಒಂದು ಸಂಖ್ಯೆಯ ಜಾಗದಲ್ಲಿ ನೋಡಿದರೆ ಏನು ಸಿಗಬಹುದೋ ಅದೇ ಊಟ. ಹಾಗಾಗಿ ಊಟ ಅಂದರೆ ಆ ಮೂರು ಪದಗಳಲ್ಲಿ ಒಂದು.

ಈಗ ಅಡುಗೆಯವರ ಚೀಟಿಗೆ ಬನ್ನಿ. ಪ್ರತಿ ಊಟಕ್ಕೂ ಒಂದು ಸೂಚನೆ ಇರಬೇಕು ಅಂತ ಚೀಟಿಯ ಟೈಪನ್ನ ರೆಕಾರ್ಡ್<ಊಟ, ಸ್ಟ್ರಿಂಗ್> ಅಂತ ಕೊಡ್ತೀವಿ. ಪಟ್ಟಿಗೆ "ಹಾಲು-ತುಪ್ಪ ಇಲ್ಲದ್ದು" ಸೇರಿಸಿದ ತಕ್ಷಣ, ಚೀಟಿ ಇರೋ ಫೈಲ್‌ನಲ್ಲಿ ಕೆಂಪು ಗೆರೆ ಬರುತ್ತೆ: ಇದಕ್ಕೆ ಸೂಚನೆ ಎಲ್ಲಿ? ಪಟ್ಟಿ ತಿದ್ದಿದವರು ಒಬ್ಬರು, ಚೀಟಿ ಬರೆದವರು ಇನ್ನೊಬ್ಬರು, ಇಬ್ಬರ ನಡುವೆ ಮಾತುಕತೆಯೇ ಆಗಿಲ್ಲ ಅಂದುಕೊಳ್ಳಿ. ಕಂಪೈಲರ್ ಇಬ್ಬರನ್ನೂ ಮಾತಾಡಿಸಿತು. ವಾರಾಂತ್ಯದಲ್ಲಿ ಬಿಡುವು ಮಾಡಿಕೊಂಡು ಕೆಲಸ ಮಾಡೋ ವಾಲಂಟಿಯರ್‌ಗಳಿಗೆ ಇದು ದೊಡ್ಡ ಉಪಕಾರ.

ಇದನ್ನ ನಾನು ಟೈಪ್‌ಸ್ಕ್ರಿಪ್ಟ್‌ನ ಒಳ್ಳೇ ವಿನ್ಯಾಸಗಳಲ್ಲಿ ಒಂದು ಅಂತ ಎಣಿಸ್ತೀನಿ. ಕಾರಣ ಇದು ಹೊಸ ವಸ್ತುವನ್ನ ತರೋದಿಲ್ಲ. ಇದೇ ಕೆಲಸಕ್ಕೆ ಹಿಂದಿನಿಂದಲೂ ಇದ್ದ ಈನಮ್ ನೋಡಿ: ಅದು ಜಾವಾಸ್ಕ್ರಿಪ್ಟ್‌ನಲ್ಲಿ ಇಲ್ಲದ ಒಂದು ವ್ಯವಸ್ಥೆ, ಕಂಪೈಲ್ ಆದಮೇಲೆ ತನ್ನದೇ ಕೋಡ್ ಹುಟ್ಟಿಸುತ್ತೆ. ಟೈಪ್‌ಗಳನ್ನ ಬರೀ ಅಳಿಸಿ ಉಳಿದದ್ದನ್ನ ಹಾಗೇ ಓಡಿಸೋ ಪದ್ಧತಿ ನೋಡ್‌ನಂಥ ಕಡೆ ಬಂದಮೇಲೆ ಈನಮ್ ಒಂದು ತೊಡಕಾಗಿದೆ. 2025ರ 5.8ರಲ್ಲಿ ಅಂಥ ರಚನೆಗಳನ್ನ ಪೂರ್ತಿ ನಿಷೇಧಿಸೋ ಒಂದು ಆಯ್ಕೆಯೂ ಬಂತು. ಆಸ್ ಕಾನ್ಸ್ಟ್ ಪಟ್ಟಿಯನ್ನ ಮಾತ್ರ ಅಳಿಸೋಕೆ ಏನೂ ಕಷ್ಟವಿಲ್ಲ. ಬಾಲ ಕತ್ತರಿಸಿದರೆ ಉಳಿಯೋದು ಒಂದು ಸಾದಾ ಅರೇ.

ಹೆಸರಿನ ಎಡವಟ್ಟು

ಹೊಗಳಿಕೆ ಆಯಿತು, ಈಗ ದೂರು. ಮೊದಲನೇದು ಹೆಸರಿನ ಬಗ್ಗೆ.

ಟೈಪ್‌ಸ್ಕ್ರಿಪ್ಟ್‌ನಲ್ಲಿ ಆಸ್ ಅನ್ನೋ ಪದಕ್ಕೆ ಮೊದಲೇ ಒಂದು ಅರ್ಥ ಇತ್ತು: "ನನ್ನ ಮಾತು ನಂಬು." ಎಲ್ಲಿಂದಲೋ ಬಂದ ಒಂದು ವಸ್ತುವನ್ನ ಆಸ್ ಊಟ ಅಂತ ಬರೆದರೆ, ಪರೀಕ್ಷೆ ಮಾಡಬೇಡ, ನಾನು ಹೇಳ್ತಿದ್ದೀನಲ್ಲ, ಅಂತ. ಕೋಡ್ ರಿವ್ಯೂ ಮಾಡೋರು ಈ ಪದ ಕಂಡರೆ ಹುಬ್ಬು ಗಂಟಿಕ್ಕಬೇಕು, ಅದು ಒಳ್ಳೇ ಅಭ್ಯಾಸ. ಆಸ್ ಕಾನ್ಸ್ಟ್ ಇದಕ್ಕೆ ತದ್ವಿರುದ್ಧ. ಅದು ಹೇಳೋದು "ನಾನು ಬರೆದದ್ದನ್ನ ಇನ್ನೂ ಗಮನವಿಟ್ಟು ಓದು" ಅಂತ. ಅದರಲ್ಲಿ ಪರೀಕ್ಷೆ ತಪ್ಪಿಸಿಕೊಳ್ಳೋದು ಏನೂ ಇಲ್ಲ. ಒಂದೇ ಪದ ಒಂದು ಕಡೆ ಕಣ್ಣು ಮುಚ್ಚು ಅನ್ನುತ್ತೆ, ಇನ್ನೊಂದು ಕಡೆ ಕಣ್ಣು ತೆರೆ ಅನ್ನುತ್ತೆ. ಹೊಸದಾಗಿ ಕಲಿಯೋರು ಎರಡನ್ನೂ ಒಂದೇ ಬುಟ್ಟಿಗೆ ಹಾಕಿಕೊಂಡರೆ ತಪ್ಪು ಅವರದ್ದಲ್ಲ.

ಎರಡನೇ ಪದವೂ ಹಾಗೇ. ಸಾಲಿನ ಮೊದಲಿನ ಕಾನ್ಸ್ಟ್ ಒಂದು ಅರ್ಥ, ಕೊನೆಯ ಕಾನ್ಸ್ಟ್ ಇನ್ನೊಂದು. ಎರಡೂ ಸೇರಿದರೂ ಓಡುವ ಸಮಯದಲ್ಲಿ ಅರೇ ನಿಜವಾಗಿ ಬೀಗ ಹಾಕಿಸಿಕೊಳ್ಳೋಲ್ಲ. ರೀಡ್‌ಓನ್ಲಿ ಅನ್ನೋದು ಕಂಪೈಲರ್ ಕಣ್ಣಿಗೆ ಮಾತ್ರ. ನಿಜವಾದ ಬೀಗ ಬೇಕಾದರೆ ಆಬ್ಜೆಕ್ಟ್ ಡಾಟ್ ಫ್ರೀಜ್ ಕರೆಯಬೇಕು.

ಮುಂದಿನ ವರ್ಷಗಳ ಸೇರ್ಪಡೆಗಳಲ್ಲಿ ಹೆಸರು ಸುಧಾರಿಸಿತು ಅಂತ ಹೇಳಬೇಕು. 2022ರ ನವೆಂಬರ್‌ನ 4.9ರಲ್ಲಿ ಬಂದ ಸ್ಯಾಟಿಸ್ಫೈಸ್ ಅನ್ನೋ ಪದ ತನ್ನ ಅರ್ಥವನ್ನ ತಾನೇ ಹೇಳುತ್ತೆ: ಈ ಬೆಲೆ ಆ ಟೈಪಿಗೆ ಒಪ್ಪುತ್ತಾ ನೋಡು, ಆದರೆ ಅದರ ಸ್ವಂತ ನಿಖರತೆಯನ್ನ ಅಳಿಸಬೇಡ. 2023ರ ಮಾರ್ಚ್‌ನ 5.0ರಲ್ಲಿ ಫಂಕ್ಷನ್ ಬರೆಯೋರೇ ತಮ್ಮ ಟೈಪ್ ಪ್ಯಾರಾಮೀಟರ್‌ಗೆ ಕಾನ್ಸ್ಟ್ ಸೇರಿಸೋ ಅವಕಾಶ ಬಂತು. ಅದರಿಂದ ಫಂಕ್ಷನ್ ಕರೆಯೋ ಪ್ರತಿಯೊಬ್ಬರೂ ಬಾಲ ಅಂಟಿಸೋದು ತಪ್ಪಿತು. ಹೊರೆ ಒಬ್ಬರು ಹೊತ್ತರೆ ನೂರು ಜನ ಹಗುರ ಆಗ್ತಾರೆ, ಒಳ್ಳೇ ಲೈಬ್ರರಿ ಅಂದರೆ ಅದೇ.

ಬಾಗಿಲಲ್ಲೇ ತಡೆಯುವ ಇನ್‌ಕ್ಲೂಡ್ಸ್

ಎರಡನೇ ದೂರು ಇನ್ನೂ ಗಂಭೀರ. ಫಾರ್ಮ್‌ನಿಂದ ಒಂದು ಸ್ಟ್ರಿಂಗ್ ಬಂತು. ಅದು ನಮ್ಮ ಪಟ್ಟಿಯಲ್ಲಿ ಇದೆಯಾ ಅಂತ ನೋಡಬೇಕು. ಯಾರಿಗಾದರೂ ಮೊದಲು ಹೊಳೆಯೋದು:

ಊಟಗಳು.ಇನ್‌ಕ್ಲೂಡ್ಸ್(ಬಂದದ್ದು)

ಕಂಪೈಲರ್ ಒಪ್ಪೋಲ್ಲ. ಬಂದದ್ದು ಬರೀ ಸ್ಟ್ರಿಂಗ್, ಈ ಪಟ್ಟಿಯ ಇನ್‌ಕ್ಲೂಡ್ಸ್‌ಗೆ ಆ ಮೂರು ಪದಗಳಲ್ಲಿ ಒಂದೇ ಬೇಕು, ಅಂತ ದೋಷ ತೋರಿಸುತ್ತೆ. ಅಂದರೆ ಒಂದು ಪದ ಪಟ್ಟಿಯಲ್ಲಿದೆಯಾ ಅಂತ ಕೇಳೋಕೆ, ಅದು ಪಟ್ಟಿಯಲ್ಲಿದೆ ಅಂತ ಮೊದಲೇ ಗೊತ್ತಿರಬೇಕು! ಮದುವೆಮನೆ ಬಾಗಿಲಲ್ಲಿ ನಿಂತವರು "ನಿಮ್ಮ ಹೆಸರು ಪಟ್ಟಿಯಲ್ಲಿದೆ ಅಂತ ಖಾತ್ರಿಯಾದಮೇಲೆ ಬನ್ನಿ, ಆಗ ಪಟ್ಟಿ ನೋಡಿ ಹೇಳ್ತೀನಿ" ಅಂದ ಹಾಗಾಯಿತು.

ಇದಕ್ಕೂ ಒಂದು ಸಮರ್ಥನೆ ಇದೆ, ಅದನ್ನ ಕೇಳಿಯೇ ತೀರ್ಪು ಕೊಡಬೇಕು. ನಾನು ಕೈಯಾರೆ "ಕಡ್ಲೆಕಾಯಿ ಇಲ್ಲದ್ದು" ಅಂತ ಕಾಗುಣಿತ ತಪ್ಪಿ ಇನ್‌ಕ್ಲೂಡ್ಸ್ ಕರೆದರೆ, ಆ ಉತ್ತರ ಯಾವತ್ತೂ ಇಲ್ಲ ಅಂತಲೇ ಬರುತ್ತೆ. ಕಟ್ಟುನಿಟ್ಟಿನ ಟೈಪ್ ಇದ್ದರೆ ಅಂಥ ತಪ್ಪು ಹಿಡಿಯಬಹುದು. ಸರಿಯೇ. ಆದರೆ ಪಟ್ಟಿಯಲ್ಲಿ ಇದೆಯಾ ಅನ್ನೋ ಪ್ರಶ್ನೆ ನಿಜ ಜೀವನದಲ್ಲಿ ಹೆಚ್ಚಾಗಿ ಏಳೋದು ಹೊರಗಿನಿಂದ ಬಂದ, ಗುರುತಿಲ್ಲದ ಪದದ ಬಗ್ಗೆ. ಅಪರೂಪದ ಉಪಯೋಗವನ್ನ ಕಾಪಾಡೋಕೆ ಮುಖ್ಯ ಉಪಯೋಗವನ್ನ ಅಡ್ಡಗಟ್ಟಿದ ಹಾಗಿದೆ ಇದು. ಮ್ಯಾಟ್ ಪೊಕಾಕ್ ಅವರ ಟಿಎಸ್-ರೀಸೆಟ್ ಅನ್ನೋ ಸಣ್ಣ ಲೈಬ್ರರಿ ಇಂಥ ಕಡೆಗಳಲ್ಲೇ ಭಾಷೆಯ ಮೂಲ ಟೈಪ್‌ಗಳನ್ನ ತಿದ್ದುತ್ತೆ. ಅಂಥದೊಂದು ಬೇಕಾಯಿತು ಅನ್ನೋದೇ ಒಂದು ವಿಮರ್ಶೆ.

ಲೈಬ್ರರಿ ಬೇಡ ಅನ್ನೋರಿಗೆ ದಾರಿ ಇದು: ಪಟ್ಟಿಯನ್ನ ಒಂದು ಸಣ್ಣ ಫಂಕ್ಷನ್ ಒಳಗೆ ರೀಡ್‌ಓನ್ಲಿ ಸ್ಟ್ರಿಂಗ್ ಅರೇ ಅನ್ನೋ ಸಡಿಲ ಹೆಸರಿಗೆ ಕೊಟ್ಟು, ಅದರ ಮೇಲೆ ಇನ್‌ಕ್ಲೂಡ್ಸ್ ಕರೆದು, ಫಂಕ್ಷನ್‌ನ ಉತ್ತರದ ಟೈಪ್ ಜಾಗದಲ್ಲಿ "ಬಂದದ್ದು ಈಸ್ ಊಟ" ಅಂತ ಬರೆಯೋದು. ಇದಕ್ಕೆ ಟೈಪ್ ಗಾರ್ಡ್ ಅಂತಾರೆ, ಕಾವಲುಗಾರ. ಸುಮಾರು ನಾಲ್ಕು ಸಾಲು. ಒಂದೇ ಎಚ್ಚರಿಕೆ: ಕಾವಲುಗಾರ ಸರಿಯಾಗಿ ನೋಡಿದನಾ ಅಂತ ಕಂಪೈಲರ್ ಪರೀಕ್ಷಿಸೋಲ್ಲ, ಅವನ ಮಾತನ್ನ ನಂಬುತ್ತೆ ಅಷ್ಟೇ.

ಫಿಲ್ಟರ್‌ನಲ್ಲಿ ಮಾತ್ರ ಪರಿಸ್ಥಿತಿ ಸುಧಾರಿಸಿದೆ. ಕೆಲವರು ಫೋನ್ ನಂಬರ್ ಕೊಟ್ಟಿಲ್ಲ, ಅನ್‌ಡಿಫೈನ್ಡ್ ಇರೋದನ್ನ ತೆಗೆದು ಉಳಿದ ಪಟ್ಟಿ ಬೇಕು ಅಂದರೆ, ಮೊದಲೆಲ್ಲ ಕಾವಲುಗಾರನನ್ನ ಕೈಯಾರೆ ಬರೀಬೇಕಿತ್ತು. 2024ರ ಜೂನ್‌ನ 5.5ರಿಂದ ಇಂಥ ಸರಳ ಹೋಲಿಕೆಗಳನ್ನ ಕಂಪೈಲರ್ ತಾನೇ ಓದಿ ಅರ್ಥ ಮಾಡಿಕೊಳ್ಳುತ್ತೆ. ನಾವು ಬರೆದ ಭರವಸೆಯ ಬದಲು ಅದೇ ಕಂಡುಕೊಂಡ ಸತ್ಯ ಸಿಗೋದು ದೊಡ್ಡ ವ್ಯತ್ಯಾಸ.

ಎರಡು ನಾಲಗೆ

ಮೂರನೇ ದೂರು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು. ಕಾಯುವವರು ಅನ್ನೋ ಅರೇ ಇದೆ, ವೇಟಿಂಗ್ ಲಿಸ್ಟ್. ಅದರ ಮೊದಲನೆಯವರ ಹೆಸರು ಬೇಕು. ಕಾಯುವವರು[0] ಅಂದರೆ ಟೈಪ್‌ಸ್ಕ್ರಿಪ್ಟ್ ಹೇಳೋದು: ಖಂಡಿತ ಒಬ್ಬ ವ್ಯಕ್ತಿ. ಪಟ್ಟಿ ಖಾಲಿ ಇದ್ದರೂ ಅದೇ ಮಾತು. ಅದೇ ಪಟ್ಟಿಯ ಮೇಲೆ ಪಾಪ್ ಕರೆಯಿರಿ, ಅಥವಾ ಫೈಂಡ್, ಅಥವಾ ಹೊಸ ಆ್ಯಟ್ ಮೆಥಡ್. ಆಗ ಅದು ಹೇಳೋದು: ವ್ಯಕ್ತಿ ಇರಬಹುದು, ಅನ್‌ಡಿಫೈನ್ಡ್ ಕೂಡ ಇರಬಹುದು. ಒಂದೇ ಖಾಲಿ ಪಟ್ಟಿಯ ಬಗ್ಗೆ ಎರಡು ಮಾತು! ಆ್ಯಟ್ ಹತ್ತಿರ ಸತ್ಯ ಹೇಳಿ, ಚೌಕ ಕಂಸದ ಹತ್ತಿರ ಮುಖಸ್ತುತಿ ಮಾಡಿದ ಹಾಗೆ.

ಇದಕ್ಕೆ ಮದ್ದು 2020ರ ನವೆಂಬರ್‌ನ 4.1ರಲ್ಲೇ ಬಂದಿದೆ: ನೋ ಅನ್‌ಚೆಕ್ಡ್ ಇಂಡೆಕ್ಸ್ಡ್ ಆ್ಯಕ್ಸೆಸ್ ಅನ್ನೋ ಉದ್ದನೆ ಹೆಸರಿನ ಸ್ವಿಚ್. ಹಾಕಿದರೆ ಚೌಕ ಕಂಸವೂ ಸತ್ಯ ಹೇಳುತ್ತೆ. ಆದರೆ ಸ್ಟ್ರಿಕ್ಟ್ ಅನ್ನೋ ಮುಖ್ಯ ಸ್ವಿಚ್ ಹಾಕಿದರೆ ಇದು ತಾನಾಗಿ ಬರೋಲ್ಲ, ಬೇರೆಯಾಗಿ ಹಾಕಬೇಕು. ಕಾರಣ ಊಹಿಸೋದು ಕಷ್ಟ ಇಲ್ಲ: ಪಟ್ಟಿಯ ಉದ್ದ ಸೊನ್ನೆಗಿಂತ ಹೆಚ್ಚು ಅಂತ ಪರೀಕ್ಷೆ ಮಾಡಿದಮೇಲೂ ಮೊದಲನೇ ಅಂಶದ ಬಗ್ಗೆ ಅದು ಗೊಣಗುತ್ತೆ, ಹಳೇ ಕೋಡ್‌ನಲ್ಲಿ ನೂರಾರು ಕಡೆ ಕೆಂಪು ಗೆರೆ ಬರುತ್ತೆ. 2025ರ 5.9ರಲ್ಲಿ ಹೊಸ ಪ್ರಾಜೆಕ್ಟ್ ಶುರು ಮಾಡೋ ಆಜ್ಞೆ ಕೊಟ್ಟಾಗ ಹುಟ್ಟುವ ಸೆಟ್ಟಿಂಗ್ ಫೈಲ್‌ನಲ್ಲಿ ಈ ಸ್ವಿಚ್ ಹಾಕಿಯೇ ಇರುತ್ತೆ. ತಡವಾದರೂ ಸರಿಯಾದ ದಿಕ್ಕು.

ಟೈಪ್‌ಸ್ಕ್ರಿಪ್ಟ್ ತಂಡ ಈ ವಿಷಯದಲ್ಲಿ ಏನನ್ನೂ ಮುಚ್ಚಿಟ್ಟಿಲ್ಲ ಅನ್ನೋದನ್ನ ಒಪ್ಪಬೇಕು. ಗಣಿತದ ಹಾಗೆ ಸಾಧಿಸಿ ತೋರಿಸಬಹುದಾದ ಪೂರ್ಣ ಸರಿತನ ತಮ್ಮ ಗುರಿಯಲ್ಲ, ಸರಿತನ ಮತ್ತು ಕೆಲಸದ ಸಲೀಸು ಎರಡರ ನಡುವೆ ಸಮತೋಲನ ಹುಡುಕ್ತೀವಿ ಅಂತ ವಿನ್ಯಾಸದ ಗುರಿಗಳಲ್ಲೇ ಬರೆದುಕೊಂಡಿದ್ದಾರೆ. ಅದರ ಇನ್ನೊಂದು ಫಲ ನೋಡಿ. ಬದಲಾಯಿಸಬಹುದಾದ ಊಟ ಅರೇಯನ್ನ ಸ್ಟ್ರಿಂಗ್ ಅರೇ ಕೇಳುವ ಫಂಕ್ಷನ್‌ಗೆ ಕೊಡಬಹುದು. ಆ ಫಂಕ್ಷನ್ ಒಳಗೆ "ಬಿರಿಯಾನಿ" ಅಂತ ಪುಶ್ ಮಾಡಬಹುದು. ಹೊರಗೆ ಬಂದಮೇಲೆ ಯುಗಾದಿ ಪಟ್ಟಿಯಲ್ಲಿ ಬಿರಿಯಾನಿ ಇರುತ್ತೆ, ಟೈಪ್ ಮಾತ್ರ ಇಲ್ಲ ಅನ್ನುತ್ತೆ. ಜಾವಾದ ಅರೇಗಳಲ್ಲೂ ಇದೇ ಸಡಿಲತೆ ಇದೆ, ಆದರೆ ಅಲ್ಲಿ ಓಡುವಾಗಲಾದರೂ ಎಕ್ಸೆಪ್ಷನ್ ಬಂದು ತಡೆಯುತ್ತೆ. ಇಲ್ಲಿ ಅದೂ ಇಲ್ಲ. ಆಸ್ ಕಾನ್ಸ್ಟ್ ಹಾಕಿದ ರೀಡ್‌ಓನ್ಲಿ ಪಟ್ಟಿಯನ್ನ ಮಾತ್ರ ಹೀಗೆ ಕೊಡೋಕಾಗಲ್ಲ, ಕಂಪೈಲರ್ ತಡೆಯುತ್ತೆ. ನೀವು ಫಂಕ್ಷನ್ ಬರೆಯುವಾಗ, ಒಳಗೆ ಪಟ್ಟಿಯನ್ನ ಬದಲಾಯಿಸೋದಿಲ್ಲ ಅಂದರೆ, ಪ್ಯಾರಾಮೀಟರನ್ನ ರೀಡ್‌ಓನ್ಲಿ ಅಂತಲೇ ಬರೆಯಿರಿ. ಇಲ್ಲದಿದ್ದರೆ ಒಳ್ಳೇ ಪಟ್ಟಿಗಳು ನಿಮ್ಮ ಮನೆ ಬಾಗಿಲಿಂದ ವಾಪಸ್ ಹೋಗುತ್ತವೆ.

ಟೈಪ್ ಮೊದಲಾ, ಪಟ್ಟಿ ಮೊದಲಾ?

ಇಷ್ಟೆಲ್ಲ ನೋಡಿದಮೇಲೆ ನನ್ನ ಮುಖ್ಯ ಮಾತಿಗೆ ಬರ್ತೀನಿ. ಅರೇಯಿಂದ ನಿಖರ ಟೈಪ್ ಪಡೆಯೋದರ ನಿಜವಾದ ಲಾಭ ಎಡಿಟರ್‌ನಲ್ಲಿ ಬರೋ ಸಲಹೆಗಳಲ್ಲಿ ಇಲ್ಲ. ಟೈಪ್‌ಸ್ಕ್ರಿಪ್ಟ್‌ನ ಟೈಪ್‌ಗಳು ಓಡುವ ಹೊತ್ತಿಗೆ ಮಾಯ ಆಗುತ್ತವೆ. ಸರ್ವರ್‌ನಿಂದ ಬಂದ ಮಾಹಿತಿಯನ್ನ ಜೇಸನ್ ಡಾಟ್ ಪಾರ್ಸ್ ಮಾಡಿದರೆ ಅದು ಎನಿ ಅನ್ನೋ ಟೈಪ್ ಕೊಡುತ್ತೆ, ಏನು ಬೇಕಾದರೂ ಆಗಬಹುದು ಅಂತ. ಅದನ್ನ ಆಸ್ ಊಟ ಅರೇ ಅಂತ ಬರೆದವರು ಮಾಹಿತಿಯನ್ನ ಪರೀಕ್ಷೆ ಮಾಡಲಿಲ್ಲ, ಪರೀಕ್ಷೆ ಆಗಿದೆ ಅಂತ ಸೀಲು ಒತ್ತಿದರು ಅಷ್ಟೇ. ಹೋದ ವರ್ಷದ ಫಾರ್ಮ್‌ನಲ್ಲಿ ಬೇರೆ ಕಾಗುಣಿತದಲ್ಲಿ ಸೇವ್ ಆಗಿದ್ದ ಆಯ್ಕೆ ಹಾಗೇ ಒಳಗೆ ಬರುತ್ತೆ, ಚೀಟಿಯಲ್ಲಿ ಸೂಚನೆ ಸಿಗೋಲ್ಲ, ಖಾಲಿ ಜಾಗ ಪ್ರಿಂಟ್ ಆಗುತ್ತೆ.

ಬರೀ ಟೈಪ್ ಆಗಿ ಬರೆದ ಪಟ್ಟಿಗೆ ಇಲ್ಲಿ ಏನೂ ಮಾಡೋಕಾಗಲ್ಲ, ಅಷ್ಟೊತ್ತಿಗೆ ಅದು ಇಲ್ಲವೇ ಇಲ್ಲ. ಆದರೆ ನಿಜವಾದ ಅರೇಯಿಂದ ಹುಟ್ಟಿದ ಟೈಪ್‌ಗೆ ಬೆನ್ನ ಹಿಂದೆ ಒಂದು ಪಟ್ಟಿ ಇರುತ್ತೆ, ಓಡುವಾಗಲೂ ಇರುತ್ತೆ. ಅದೇ ಪಟ್ಟಿ ಫಾರ್ಮ್‌ನಲ್ಲಿ ಆಯ್ಕೆಗಳನ್ನ ತೋರಿಸುತ್ತೆ, ಅದೇ ಕಂಪೈಲರ್‌ಗೆ ಟೈಪ್ ಕೊಡುತ್ತೆ, ಅದೇ ಬಾಗಿಲಲ್ಲಿ ನಿಂತು ಬಂದವರನ್ನ ಪರೀಕ್ಷಿಸುತ್ತೆ. ಒಂದು ಪಟ್ಟಿ, ಮೂರು ಕೆಲಸ. ಅದಕ್ಕೇ ಇನ್‌ಕ್ಲೂಡ್ಸ್ ಬಗ್ಗೆ ಅಷ್ಟು ಬೇಜಾರು: ಈ ವಿನ್ಯಾಸ ಎಲ್ಲಿ ಅತ್ಯಂತ ಉಪಯೋಗಕ್ಕೆ ಬರಬೇಕಿತ್ತೋ ಅಲ್ಲೇ ಅದು ತಡವರಿಸುತ್ತೆ.

ಇನ್ನೊಂದು ಅತಿಯೂ ಇದೆ. 2020ರ 4.0ರಲ್ಲಿ ವೇರಿಯಾಡಿಕ್ ಟ್ಯೂಪಲ್‌ಗಳು, 4.1ರಲ್ಲಿ ಟೆಂಪ್ಲೇಟ್ ಲಿಟರಲ್ ಟೈಪ್‌ಗಳು ಬಂದಮೇಲೆ ಟೈಪ್‌ಗಳಲ್ಲೇ ಲೆಕ್ಕ ಮಾಡೋದು, ಪಟ್ಟಿ ತಿರುಗಿಸೋದು, ಪದ ಸೀಳೋದು ಎಲ್ಲ ಸಾಧ್ಯ ಆಯಿತು. ಕೆಲವು ಲೈಬ್ರರಿಗಳಿಗೆ ಅದು ನಿಜವಾಗಿ ಬೇಕು. ಆದರೆ ಊಟದ ಫಾರ್ಮ್‌ಗೆ ಆ ದೊಂಬರಾಟ ಯಾಕೆ? ದೋಷದ ಸಂದೇಶ ಅರ್ಧ ಪುಟ ಬಂದರೆ, ಮುಂದಿನ ವರ್ಷ ಫಾರ್ಮ್ ನೋಡಿಕೊಳ್ಳೋ ವಾಲಂಟಿಯರ್ ಮಾಡೋದು ಒಂದೇ ಕೆಲಸ: ಎನಿ ಅಂತ ಬರೆದು ಕೈ ತೊಳೆದುಕೊಳ್ಳೋದು. ಅರ್ಥವಾಗದ ನಿಖರತೆಯನ್ನ ಯಾರೂ ಉಳಿಸಿಕೊಳ್ಳೋಲ್ಲ.

ಹಾಗಾದರೆ ಗೆರೆ ಎಲ್ಲಿ ಎಳೆಯೋದು? ನೀವೇ ಕೈಯಾರೆ ಬರೆದ, ಚಿಕ್ಕದಾದ, ಮುಚ್ಚಿದ ಪಟ್ಟಿ ಆದರೆ ಆಸ್ ಕಾನ್ಸ್ಟ್ ಹಾಕಿ, ಟೈಪನ್ನ ಅದರಿಂದಲೇ ಪಡೆಯಿರಿ, ಪಕ್ಕದಲ್ಲೇ ನಾಲ್ಕು ಸಾಲಿನ ಕಾವಲುಗಾರನನ್ನ ನಿಲ್ಲಿಸಿ. ಹೊರಗಿನಿಂದ ಬರೋ ಪಟ್ಟಿ ಆದರೆ ಅದು ಸ್ಟ್ರಿಂಗ್ ಅರೇ ಆಗಿಯೇ ಇರಲಿ, ಕಾವಲುಗಾರ ನೋಡಿದಮೇಲೆ ಒಳಗೆ ಬರಲಿ. ಉದ್ದನೆ ಹೆಸರಿನ ಆ ಸ್ವಿಚ್ಚನ್ನ ಹೊಸ ಪ್ರಾಜೆಕ್ಟ್‌ನಲ್ಲಿ ಮೊದಲ ದಿನವೇ ಹಾಕಿ, ಹಳೇದರಲ್ಲಿ ಒಂದೊಂದೇ ಫೋಲ್ಡರ್ ಸರಿಮಾಡ್ತಾ ಹೋಗಿ.

ಟೈಪ್‌ಸ್ಕ್ರಿಪ್ಟ್‌ನ ಅರೇಗಳಿಗೆ ನನ್ನ ಅಂಕ ಹತ್ತಕ್ಕೆ ಏಳು. ಆಸ್ ಕಾನ್ಸ್ಟ್‌ಗೆ ಪೂರ್ತಿ ಮೆಚ್ಚುಗೆ, ಅದರ ಹೆಸರಿಗೆ ಒಂದು ಅಂಕ ಕಡಿತ, ಇನ್‌ಕ್ಲೂಡ್ಸ್‌ಗೆ ಒಂದು, ಚೌಕ ಕಂಸದ ಸಿಹಿಸುಳ್ಳಿಗೆ ಒಂದು. ನಿಮ್ಮ ಲೆಕ್ಕ ಬೇರೆ ಇದ್ದರೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಮಾತಾಡೋಣ.